ಮೊಮ್ಮಗನ ಲಾರಿಯೂ ತರ್ಕಸಂಗ್ರಹವೂ

ಈ ಪುಟಗಳಲ್ಲಿ ನನ್ನ ಲೇಖನಗಳನ್ನು ಓದುತ್ತ ಬಂದಿರುವ ಬಂಧುಗಳಿಗೆ ಈ ಸಲದ ವಿಷಯವು ವಿಲಕ್ಷಣವೆನಿಸಬಹುದು. ಓಲೆಗರಿ, ಪಾಠಾಂತರ, ವ್ಯಾಕರಣಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನಿಗೂ ಮಕ್ಕಳು ಓಡಿಸುವ ಆಟದ ಲಾರಿಯ ಎಂಜಿನ್ನಿಗೂ ಏನು ಸಂಬಂಧವೆಂದು ಕೇಳುವವರು ಕೇಳಲಿ. ಸಂಬಂಧವಿದೆಯೆಂಬುದು ಕಳೆದ ದಸರಾ ರಜೆಯಲ್ಲಿ ನನಗೆ ಗೊತ್ತಾಯಿತು. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿರುತ್ತಾರೆ. ಬರುವಾಗ ಮಕ್ಕಳಿಗೆ ಇಂಥ ಬೆಲೆಬಾಳುವ ವಸ್ತುಗಳನ್ನು ತರುತ್ತಾರೆ. ತಿಂಗಳೊಳಗೆ ಅದು ಕೆಟ್ಟು ಅಟ್ಟ ಸೇರುತ್ತದೆ. ಕೆಟ್ಟಿತೆಂದು ನಾವು ಹೇಳುತ್ತೇವೆ. ಹತ್ತರಲ್ಲಿ ಎಂಟು ಸಲ ಕೆಟ್ಟಿರುವುದಿಲ್ಲ, ವಿಚಾರಿಸುವವರಿಲ್ಲದೆ ಅನಾಥವಾಗಿರುತ್ತದೆ, ಅಷ್ಟೆ.

ನನ್ನ ಮಗಳ ಮನೆ ಜೆ.ಪಿ. ನಗರದಲ್ಲಿದೆ. ಅವಳ ಮಗನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ನನ್ನ ಮಗನು ತನ್ನ ಅಕ್ಕನ ಮಗನಿಗೆಂದು ಕಳೆದ ಬೇಸಗೆಯಲ್ಲಿ ಒಂದು ರೇಡಿಯೋ ನಿಯಂತ್ರಿತ ಲಾರಿಯನ್ನು ಹೊಸದಾಗಿಯೇ, ಇಂಧನ ಸೋಕದ ಪೆಟ್ಟಿಗೆಯಲ್ಲಿ ತಂದುಕೊಟ್ಟನು. ಮೊಳದುದ್ದದ ಗಾಡಿ, ದಪ್ಪ ದಪ್ಪ ಚಕ್ರಗಳು. ಬ್ಯಾಟರಿಯಿಂದ ಓಡುವ ಆಟಿಕೆಯಲ್ಲ. ಅದರೊಳಗೆ ನಿಜವಾದ ಎರಡು ಹೊಡೆತದ ಎಂಜಿನ್ ಇದೆ. ಸಿಲಿಂಡರಿನ ಗಾತ್ರ ೩.೩ ಘನ ಸೆಂಟಿಮೀಟರ್ ಮಾತ್ರ, ಅಂದರೆ ಸ್ಕೂಟರಿನ ಎಂಜಿನ್ನಿನ ಮೂವತ್ತರಲ್ಲಿ ಒಂದು ಭಾಗವೆನ್ನಬಹುದು. ಆದರೆ ವೇಗದಲ್ಲಿ ಓಡುವಾಗ ನಿಮಿಷಕ್ಕೆ ೩೦,೦೦೦ ಸುತ್ತಿನವರೆಗೂ ತಿರುಗುತ್ತದೆ. ಅದರ ಕೂಗನ್ನು ಕೇಳಿದವರಿಗೆ ಇದು ಎಷ್ಟು ಸಣ್ಣದೆಂಬುದು ನಂಬಿಕೆಗೆ ಬಾರದು.

ಮೊದಲ ಹದಿನೈದು ದಿನ ಹುಡುಗನ ಸಂಭ್ರಮ ಹೇಳತೀರದು. ಅನಂತರ ಎಂಜಿನ್ ನಡುನಡುವೆ ನಿಂತುಹೋಗತೊಡಗಿತು. ಹಗ್ಗ ಎಳೆದು ಹೊರಡಿಸಿದರೆ ಎರಡು ನಿಮಿಷ ಓಡುವುದು, ಇದ್ದಕ್ಕಿದ್ದಂತೆ ಸುಮ್ಮನಾಗುವುದು. ಹುಡುಗನು ಸಿಟ್ಟಿನಿಂದ ಗಾಡಿಯನ್ನು ಒದ್ದನೆಂದೂ, ತಂದೆ ಕೈ ಎತ್ತಿದರೆಂದೂ, ಅಂದಿನಿಂದ ತಂದೆ ಮಕ್ಕಳ ನಡುವೆ ಮಾತಿಲ್ಲವೆಂದೂ ಮಗಳು ದೂರವಾಣಿಯಲ್ಲಿ ಹೇಳಿ ಅತ್ತಳು. ಅಳಿಯಂದಿರು ಸ್ವಭಾವತಃ ಮೃದುವಾದವರೇ. ಆದರೆ ಹುಡುಗನು ಗಣಿತದಲ್ಲಿಯೂ ಹೀಗೆಯೇ ಮಾಡುತ್ತಿದ್ದಾನೆ, ಉತ್ತರ ಬಾರದಿದ್ದರೆ ಮೇಲಿನ ಎಲ್ಲ ಸಾಲುಗಳನ್ನೂ ಹೊಡೆದುಹಾಕುತ್ತಾನೆ ಎಂಬುದು ಅವರ ಚಿಂತೆ. ರಜೆ ಮುಗಿಯುವುದರೊಳಗೆ ಲಾರಿ ಸರಿಹೋಗದಿದ್ದರೆ ಮಾರಿಬಿಡುವುದೆಂದು ತೀರ್ಮಾನಿಸಿದ್ದರು. ಬನಶಂಕರಿ ಎರಡನೆಯ ಹಂತದ ನಮ್ಮ ಮನೆಯಿಂದ ನಾನೂ ನನ್ನ ಮನೆಯವರೂ ಹೊರಟು ಹೋದುದು ಈ ಜಗಳವನ್ನು ತಿಳಿಗೊಳಿಸಲೆಂದು, ಎಂಜಿನ್ ರಿಪೇರಿಗೆಂದಲ್ಲ.

ಹೋದಮೇಲೆ ಮೊದಲು ಆ ಯಂತ್ರದ ಸ್ವರೂಪವನ್ನು ತಿಳಿದುಕೊಂಡೆ. ಅದರ ಜೊತೆಗೆ ಬಂದಿದ್ದ ಕೈಪಿಡಿಯನ್ನು ಹುಡುಗನು ಓದಿರಲಿಲ್ಲ. ಪುಸ್ತಕ ಓದುವುದೊಂದೇ ನನಗೆ ಬರುವ ವಿದ್ಯೆಯಾದುದರಿಂದ ನಾನು ಓದಿದೆನು. ಈ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಅದರ ಬದಲು ಗ್ಲೋ ಪ್ಲಗ್ ಎಂಬುದಿದೆ. ಪ್ಲಾಟಿನಂ ಬೆರೆತ ಕೂದಲೆಳೆಯಂಥ ತಂತಿಯ ಸುರುಳಿ. ಹೊರಡಿಸುವಾಗ ಸುಮಾರು ಒಂದೂವರೆ ವೋಲ್ಟ್ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಒಮ್ಮೆ ಎಂಜಿನ್ ಹೊರಟಿತೆಂದರೆ ಬ್ಯಾಟರಿಯನ್ನು ತೆಗೆದುಬಿಡಬಹುದು. ಆಮೇಲೆ ಸುರುಳಿ ತಾನಾಗಿಯೇ ಕಾಯುತ್ತಿರುತ್ತದೆ. ಹೇಗೆಂದರೆ, ಇಂಧನದಲ್ಲಿರುವ ಮೆಥನಾಲಿನ ಆವಿ ಪ್ಲಾಟಿನಮ್ಮಿಗೆ ತಗುಲಿದಾಗ ಅಲ್ಲಿಯೇ ಉರಿದು ಶಾಖ ಹುಟ್ಟಿಸುತ್ತದೆ. ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗಿನ ಶಾಖವೂ ಅದಕ್ಕೆ ಸೇರುತ್ತದೆ. ಒಂದು ಉರಿ ಮುಂದಿನ ಉರಿಗೆ ಕಾರಣವಾಗುತ್ತ ಹೋಗಬೇಕು. ಈ ಸರಪಳಿ ಎಲ್ಲಿಯಾದರೂ ಒಂದು ಕ್ಷಣ ಕಡಿದರೆ ಎಂಜಿನ್ ನಿಂತಿತು. ಆದುದರಿಂದ ಇಂಥ ಎಂಜಿನ್ ನಿಲ್ಲುವುದು ಸ್ಕೂಟರ್ ನಿಲ್ಲುವುದಕ್ಕಿಂತ ಸುಲಭ.

ಇನ್ನು ಇಂಧನ. ಇದನ್ನು ನಮ್ಮ ಗೃಹಿಣಿಯರು ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಇದು ಪೆಟ್ರೋಲ್ ಅಲ್ಲ. ಬಹುಭಾಗ ಮೆಥನಾಲ್, ನೂರಕ್ಕೆ ಹತ್ತರಿಂದ ಮೂವತ್ತರಷ್ಟು ನೈಟ್ರೋಮೀಥೇನ್, ಉಳಿದುದು ಎಣ್ಣೆ. ಆ ಎಣ್ಣೆ ಯಾವುದೆಂದು ಕಂಡುಹಿಡಿದವರು ನನ್ನ ಮನೆಯವರು. ಹುಡುಗನ ಅಂಗಿಯನ್ನು ಒಗೆಯಲು ತೆಗೆದುಕೊಂಡವರು ಮೂಸಿ ನೋಡಿ, “ಇದೇನಪ್ಪಾ, ಬಾಣಂತಿ ಕೋಣೆಯ ಹಾಗೆ ಹರಳೆಣ್ಣೆ ವಾಸನೆ ಬರುತ್ತಿದೆ!” ಎಂದರು. ಹುಡುಗ ನಕ್ಕನು. ಕೈಪಿಡಿ ನೋಡಿದರೆ ಹರಳೆಣ್ಣೆಯೇ ಹೌದು. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಿಗೂ ಇದೇ ಎಣ್ಣೆಯನ್ನು ಹಾಕುತ್ತಿದ್ದರು. ಎಷ್ಟು ಕಾದರೂ ಲೋಹದ ಮೈ ಬಿಡದೆ ಅಂಟಿಕೊಂಡಿರುವುದು ಅದರ ಗುಣ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದುದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ನಮ್ಮ ಹೊಲದ ಅಂಚಿನಲ್ಲಿ ಯಾರೂ ಲಕ್ಷಿಸದೆ ಬೆಳೆಯುವ ಹರಳು ಗಿಡಕ್ಕೆ ಇಂಥ ಗೌರವವೂ ಇದೆ.

ಆದರೆ ಮೆಥನಾಲ್ ವಿಷ. ೧೯೮೧ರ ಜುಲೈ ತಿಂಗಳಿನಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ೩೦೦ಕ್ಕೂ ಹೆಚ್ಚು ಮಂದಿ ಬಡವರು ಸತ್ತುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಅದರಲ್ಲಿ ಬೆರೆತಿದ್ದುದು ಈ ಮೆಥನಾಲೇ. ಅದು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಪರಿಣಮಿಸಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಸ್ವಲ್ಪ ಪ್ರಮಾಣವೂ ಕುರುಡುತನಕ್ಕೆ ಸಾಕು. ಚರ್ಮದ ಮೂಲಕವೂ ಒಳಸೇರುತ್ತದೆ. ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಮಗಳ ಮನೆಯಲ್ಲಿ ಈ ಇಂಧನವು, ಬೆಳಗಿನ ಸೂರ್ಯನಂತೆ ನಸುಗೆಂಪಾಗಿ, ನೀರಿನ ಬಾಟಲಿಯೊಂದರಲ್ಲಿ ಬಾಲ್ಕನಿಯ ಕಿಟಕಿಯ ಮೇಲಿತ್ತು. ಪಕ್ಕದಲ್ಲಿಯೇ ಎರಡು ವರ್ಷದ ಮೊಮ್ಮಗಳ ಆಟದ ಸಾಮಾನು. ನಾನು ಅಂದು ಎಂಜಿನ್ನಿನ ಮಾತೆತ್ತಲಿಲ್ಲ. ಆ ಬಾಟಲಿಯಲ್ಲಿದ್ದುದನ್ನು ಅದರ ಸ್ವಂತ ಡಬ್ಬಿಗೆ ಹಾಕಿಸಿ, ಬಾಟಲಿಯನ್ನು ತುಳಿಸಿ ಎಸೆಯಿಸಿ, ಡಬ್ಬಿಯನ್ನು ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿಸಿದ ಮೇಲೆಯೇ ಊಟಕ್ಕೆ ಕುಳಿತೆನು. ಅಳಿಯಂದಿರಿಗೆ ಸ್ವಲ್ಪ ಬೇಸರವಾಯಿತು. ಆಗಲಿ.

ಮರುದಿನ ಹುಡುಗನನ್ನು ಕೂರಿಸಿಕೊಂಡು ಏನೇನು ಮಾಡಿದೆಯೆಂದು ಕೇಳಿದೆ. ಮೂರು ಪ್ಲಗ್ ಬದಲಾಯಿಸಿದ್ದನು. ಕಾರ್ಬುರೇಟರಿನಲ್ಲಿ ಇಂಧನವನ್ನು ಅಳೆದು ಬಿಡುವ ಎರಡು ಸೂಜಿ ತಿರುಪುಗಳಿವೆ, ವೇಗಕ್ಕೊಂದು, ನಿಧಾನಕ್ಕೊಂದು. ಗಾಳಿಯ ಬಾಗಿಲು ಪೂರ್ತಿ ಮುಚ್ಚದಂತೆ ತಡೆಯುವ ಮೂರನೆಯದೊಂದಿದೆ. ಮೂರನ್ನೂ ಮನಬಂದಂತೆ ತಿರುವಿದ್ದನು. ಸೋದರಮಾವನನ್ನು ದೂರವಾಣಿಯಲ್ಲಿ ಕೇಳಿ ಅವನ ಗಾಡಿಯ ಲೆಕ್ಕವನ್ನು ಇದಕ್ಕೂ ಹಾಕಿದ್ದನು. ಹ್ಯೂಸ್ಟನ್ ಸಮುದ್ರದ ಮಟ್ಟಕ್ಕೆ ಸಮೀಪದ ಊರು. ಬೆಂಗಳೂರು ೯೦೦ ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಅಲ್ಲಿಯ ಗಾಳಿಗೆ ಹದವಾದ ಇಂಧನ ಇಲ್ಲಿಯ ಗಾಳಿಗೆ ಹೆಚ್ಚಾಗುತ್ತದೆ. ಹೀಗೆ ಮಾವನ ಉಪದೇಶ ಪ್ರೀತಿಯದೇ ಆದರೂ ಈ ಊರಿನದಲ್ಲ. ಸಾಲದುದಕ್ಕೆ ಬಡಾವಣೆಯ ಒಬ್ಬ ಮೆಕ್ಯಾನಿಕ್ಕನಿಗೆ ತೋರಿಸಿ, ಅವನು ಟ್ಯಾಂಕನ್ನೂ ಕಾರ್ಬುರೇಟರನ್ನೂ ಪೆಟ್ರೋಲಿನಲ್ಲಿ ತೊಳೆದುಕೊಟ್ಟು, ಎಂಜಿನ್ ಸತ್ತಿದೆ ಎಂದು ಹೇಳಿ ಕಳಿಸಿದ್ದನು. ಪೆಟ್ರೋಲಿನ ಈ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ಹಸ್ತಪ್ರತಿ ಪರಿಷ್ಕರಿಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಕಟ. ದಡ್ಡ ಲಿಪಿಕಾರನು ನಮಗೆ ಉಪಕಾರಿ. ಅರ್ಥವಾಗದುದನ್ನು ಅರ್ಥವಾಗದಂತೆಯೇ ನಕಲು ಮಾಡಿರುತ್ತಾನೆ. ತಪ್ಪು ಎಲ್ಲಿದೆಯೋ ಅಲ್ಲಿಯೇ ಇರುತ್ತದೆ. ಅರೆಬುದ್ಧಿವಂತ ಲಿಪಿಕಾರನಾದರೋ ತನಗೆ ತಪ್ಪೆಂದು ಕಂಡುದನ್ನೆಲ್ಲ ತಿದ್ದುತ್ತ ಹೋಗುತ್ತಾನೆ. ಒಂದು ತಪ್ಪಿದ್ದಲ್ಲಿ ಐದು ಹುಟ್ಟಿ, ಮೂಲಪಾಠ ಯಾವುದೆಂಬುದೇ ಮರೆಯಾಗುತ್ತದೆ. ಅಂಥ ಪ್ರತಿ ಕೈಗೆ ಬಂದರೆ ಮೊದಲು ತಿದ್ದುಪಡಿಗಳನ್ನೆಲ್ಲ ಕಳಚಬೇಕು. ಲಾರಿಗೂ ಅದನ್ನೇ ಮಾಡಿದೆವು. ಒಂದೊಂದು ಸೂಜಿಯನ್ನೂ ಮೃದುವಾಗಿ ಮುಚ್ಚುತ್ತ ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದುಕೊಂಡು, ಅನಂತರ ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಬಿಚ್ಚಿದೆವು. ಬಲವಾಗಿ ಮುಚ್ಚಿದರೆ ಸೂಜಿಯ ಮೊನೆ ಹಾಳಾಗುತ್ತದೆ, ಎಚ್ಚರ ಬೇಕು. ವೇಗದ ಸೂಜಿ ಮೂಲಕ್ಕಿಂತ ಒಂದು ಸುತ್ತು ಹೆಚ್ಚೇ ತೆರೆದಿತ್ತು. “ಇಷ್ಟೊಂದು ಯಾಕೆ ತಿರುಗಿಸಿದೆಯಪ್ಪಾ?” ಎಂದರೆ, “ಯಾವುದೋ ಒಂದು ಸರಿಹೋಗಬಹುದು ಅಂತ, ತಾತ” ಎಂದನು. ಈ ಉತ್ತರದಲ್ಲಿ ಅವನ ಗಣಿತದ ಪುಸ್ತಕವೂ ನನಗೆ ಕಾಣಿಸಿತು.

ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ತೋಟದ ಬಾವಿಗೆ ೫ ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು. ವಿದ್ಯಾರ್ಥಿಗಳಿಗೆ ಸರದಿಯ ಮೇಲೆ ಅದರ ಚಾಕರಿ. ಕೈಹಿಡಿ ತಿರುಗಿಸಿ ಹೊರಡಿಸಬೇಕು. ತೋಟ ನೋಡಿಕೊಳ್ಳುತ್ತಿದ್ದ ಹಿರಿಯರು ಅಕ್ಷರ ಬಲ್ಲವರಲ್ಲ. ಎಂಜಿನ್ ನಿಂತಿತೆಂದು ನಾವು ಓಡಿಹೋದರೆ ಅವರು ಎದ್ದು ಬರುತ್ತಿರಲಿಲ್ಲ. ನಿಲ್ಲುವ ಮುಂಚೆ ಹೇಗೆ ಕೂಗಿತು, ಹೊಗೆ ಯಾವ ಬಣ್ಣ, ನೀರು ಬೀಳುತ್ತಿತ್ತೋ ಇಲ್ಲವೋ ಎಂದು ಮೂರು ಪ್ರಶ್ನೆ ಕೇಳುತ್ತಿದ್ದರು. ನಾವು ತೊದಲಿದರೆ, ಹೋಗಿ ಮತ್ತೆ ಹೊರಡಿಸಿ ಈ ಸಲ ನೋಡಿಕೊಂಡು ಬನ್ನಿ ಎನ್ನುತ್ತಿದ್ದರು. ಬಹುಮಟ್ಟಿಗೆ ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿರುತ್ತಿತ್ತು. ತಿರುಪು ಸಡಿಲಿಸಿ ಗುಳ್ಳೆ ಹೋಗುವವರೆಗೆ ಪಂಪು ಒತ್ತಿದರೆ ಆಯಿತು. ಅದೇ ಕಾಲದಲ್ಲಿ ಒಳಗೆ ಪಾಠದ ಕಟ್ಟೆಯ ಮೇಲೆ ಅನ್ನಂಭಟ್ಟನ ತರ್ಕಸಂಗ್ರಹದ ಪಾಠ ನಡೆಯುತ್ತಿತ್ತು. ಹೊರಗೆ ಆ ಹಿರಿಯರು ಕಲಿಸುತ್ತಿದ್ದುದೂ ಅದನ್ನೇ.

ತರ್ಕದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಇದು ಇದ್ದಾಗ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿಬಂದರೆ ಮಾತ್ರ ಇದನ್ನು ಅದಕ್ಕೆ ಕಾರಣವೆನ್ನುವ ಧೈರ್ಯ ಮಾಡಬಹುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಅನ್ವಯ ಒಂದೇ ಇರುತ್ತದೆ. ಬಿಸಿಯಾದಾಗ ನಿಂತಿತು, ಆದುದರಿಂದ ಬಿಸಿಯೇ ಕಾರಣ ಎಂದು ಮುಗಿಸುತ್ತೇವೆ. ಬಿಸಿಯಿಲ್ಲದಾಗಲೂ ನಿಲ್ಲುತ್ತದೆಯೇ ಎಂದು ಯಾರೂ ನೋಡುವುದಿಲ್ಲ.

ಹುಡುಗನಿಗೆ ಒಂದು ನೋಟುಪುಸ್ತಕ ಕೊಟ್ಟು, ಎರಡು ದಿನ ಒಂದು ತಿರುಪನ್ನೂ ಮುಟ್ಟದೆ, ಪ್ರತಿ ಸಲ ನಿಂತಾಗಲೂ ಬರೆಯಬೇಕೆಂದೆ. ಎಷ್ಟು ನಿಮಿಷಕ್ಕೆ ನಿಂತಿತು, ವೇಗ ಹೆಚ್ಚಿಸುವಾಗಲೋ ಇಳಿಸುವಾಗಲೋ, ಹೊಗೆ ಇತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಎಷ್ಟು ಉಳಿದಿತ್ತು. ಈ ಎಂಜಿನ್ ನಿಲ್ಲುವ ಹೊತ್ತೇ ಅದರ ರೋಗವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಪ್ಲಗ್ಗಿನ ಬ್ಯಾಟರಿ ತೆಗೆದ ಕೂಡಲೇ ನಿಂತರೆ ಪ್ಲಗ್ ಹಳೆಯದಾಗಿದೆ, ಇಲ್ಲವೇ ಇಂಧನ ಹೆಚ್ಚಾಗಿ ಸುರುಳಿ ತಣ್ಣಗಾಗುತ್ತಿದೆ. ನಿಧಾನದಿಂದ ಒಮ್ಮೆಲೇ ವೇಗ ಕೊಟ್ಟಾಗ ಗೊರಗೊರ ಎಂದು ಹೊಗೆಯುಗುಳಿ ನಿಂತರೆ ನಿಧಾನದ ಸೂಜಿಯಲ್ಲಿ ಇಂಧನ ಹೆಚ್ಚು. ಹೊಗೆಯಿಲ್ಲದೆ ಥಟ್ಟನೆ ನಿಂತರೆ ಕಡಿಮೆ. ಪೂರ್ಣ ವೇಗದಲ್ಲಿ ದೂರ ಓಡಿ ನಿಂತರೆ ವೇಗದ ಸೂಜಿಯನ್ನೋ ಇಂಧನದ ದಾರಿಯನ್ನೋ ಸಂಶಯಿಸಬೇಕು. ಬ್ರೇಕ್ ಹಾಕಿದಾಗಲೇ ನಿಲ್ಲುತ್ತಿದ್ದರೆ ಗಾಡಿಯನ್ನು ಎತ್ತಿಹಿಡಿದು ನೋಡಬೇಕು. ಎಂಜಿನ್ ನಿಧಾನವಾಗಿರುವಾಗಲೂ ಚಕ್ರ ತಿರುಗುತ್ತಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರಬಹುದು, ಅದಕ್ಕೆ ಕಾರ್ಬುರೇಟರ್ ಏನು ಮಾಡೀತು? ಇನ್ನು ಬಹಳ ಓಡಿದ ಎಂಜಿನ್ನಿನಲ್ಲಿ ಪಿಸ್ಟನ್ ಸವೆದು ಮೇಲ್ತುದಿಯಲ್ಲಿ ಬಿಗಿ ತಪ್ಪಿದರೆ ಬಿಸಿಯಾದೊಡನೆ ನಿಲ್ಲುತ್ತದೆ. ಅದಕ್ಕೆ ತಿರುಪುಳಿಯ ಔಷಧಿಯಿಲ್ಲ. ನಮ್ಮದು ಹೊಸದು, ತಣ್ಣಗಿರುವಾಗ ಹಗ್ಗ ಎಳೆದರೆ ಮೇಲ್ತುದಿಯಲ್ಲಿ ಗಟ್ಟಿಯಾಗಿ ಹಿಡಿಯುತ್ತಿತ್ತು. ಆದುದರಿಂದ ಸತ್ತಿದೆಯೆಂಬ ಮೆಕ್ಯಾನಿಕ್ಕನ ಮಾತನ್ನು ನಾನು ನಂಬಲಿಲ್ಲ.

ಹೊಗೆಯ ವಿಚಾರದಲ್ಲಿ ಒಂದು ತಮಾಷೆಯುಂಟು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕದ ಮೊದಲ ಪಾಠ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಯೇ ಎಂದರೆ ಇಲ್ಲ, ಹಸಿ ಸೌದೆಯ ಸಂಯೋಗ ಬೇಕು ಎಂಬುದು ಎರಡನೆಯ ಪಾಠ. ಆರ್ದ್ರೇಂಧನ ಎಂಬ ಆ ಮಾತನ್ನು ಬಾಯಿಪಾಠ ಮಾಡಿದಾಗ ಅದು ಐವತ್ತು ವರ್ಷದ ಮೇಲೆ ಜೆ.ಪಿ. ನಗರದಲ್ಲಿ ಉಪಯೋಗಕ್ಕೆ ಬಂದೀತೆಂದು ಯಾರು ಬಲ್ಲರು! ಈ ಲಾರಿಯ ಹಿಂದೆ ತೆಳುವಾದ ಬಿಳಿ ಹೊಗೆಯ ಎಳೆ ಇರಲೇಬೇಕು. ಅದು ಉರಿಯದೆ ಉಳಿದ ಎಣ್ಣೆ. ಹೊಗೆ ಕಾಣುತ್ತಿದ್ದರೆ ಎಂಜಿನ್ನಿಗೆ ಎಣ್ಣೆ ಸಿಗುತ್ತಿದೆಯೆಂದು ಅರ್ಥ. ಹೊಗೆ ಮಾಯವಾಗಿ ಕೂಗು ಕೀರಲಾದರೆ ಇಂಧನ ಕಡಿಮೆಯಾಗಿ ಎಂಜಿನ್ ಒಣಗಿ ಕಾಯುತ್ತಿದೆಯೆಂದು ಅರ್ಥ. ಹುಡುಗರಿಗೆ ಆಗ ವೇಗ ಹೆಚ್ಚಿದಂತೆ ಕಂಡು ಸಂತೋಷವಾಗುತ್ತದೆ. ಎಂಜಿನ್ ಹಾಳಾಗುವುದು ಆ ಸಂತೋಷದಲ್ಲಿಯೇ.

ಎರಡು ದಿನದಲ್ಲಿ ಹನ್ನೊಂದು ಸಲ ನಿಂತಿತು. ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು ಮೂವರೂ ನೋಡಿದೆವು. ಮೂವರು ಎಂದೆ, ಏಕೆಂದರೆ ಅಳಿಯಂದಿರೂ ಕಾಫಿ ಹಿಡಿದುಕೊಂಡು ಹಿಂದೆ ಬಂದು ನಿಂತಿದ್ದರು. ಹನ್ನೊಂದರಲ್ಲಿ ಒಂಬತ್ತು ಸಲ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆಯೇ ನಿಂತಿತ್ತು. ಒಂಬತ್ತರಲ್ಲಿಯೂ ಹೊಗೆಯಿರಲಿಲ್ಲ, ಎಂಜಿನ್ ಬಹಳ ಬಿಸಿಯಾಗಿತ್ತು. “ಬಿಸಿಯಾಗಿಯೇ ನಿಲ್ಲುತ್ತಿದೆ, ನಾನು ಹೇಳಲಿಲ್ಲವೇ?” ಎಂದರು ಅಳಿಯಂದಿರು. ಹುಡುಗ ಅವರಿಗೆ ಉತ್ತರ ಕೊಡದೆ ನನ್ನ ಕಡೆ ನೋಡಿದನು. ಟ್ಯಾಂಕ್ ಇಳಿಯುವುದೂ ಎಂಜಿನ್ ಕಾಯುವುದೂ ಜೊತೆಜೊತೆಯಾಗಿ ನಡೆಯುವ ಸಂಗತಿಗಳು. ಯಾವುದು ಕಾರಣವೆಂದು ಅನ್ವಯದಿಂದ ತಿಳಿಯದು. ಎರಡನ್ನೂ ಬೇರ್ಪಡಿಸಬೇಕು.

ಭಾನುವಾರ ಬೆಳಿಗ್ಗೆ ಬನಶಂಕರಿ ಆರನೆಯ ಹಂತದ ಕಡೆ ಮನೆಗಳಿಲ್ಲದ ಖಾಲಿ ನಿವೇಶನಕ್ಕೆ ಹೋದೆವು. ಬಡಾವಣೆಯ ರಸ್ತೆಯಲ್ಲಿ ಇದನ್ನು ಓಡಿಸುವುದು ಅಕ್ಕಪಕ್ಕದ ವೃದ್ಧರಿಗೂ ರೋಗಿಗಳಿಗೂ ಮಾಡುವ ಅಪಚಾರ. ಮುಚ್ಚಿದ ಗ್ಯಾರೇಜಿನಲ್ಲಂತೂ ಕೂಡದು. ಮೊದಲ ಪರೀಕ್ಷೆ: ಟ್ಯಾಂಕ್ ಅರ್ಧವಾಗಿ ಎಂಜಿನ್ ಚೆನ್ನಾಗಿ ಕಾದು ನಿಂತ ಕೂಡಲೇ ಟ್ಯಾಂಕನ್ನು ತುಂಬಿಸಿ ಮತ್ತೆ ಹೊರಡಿಸುವುದು. ಬಿಸಿಯೇ ಕಾರಣವಾಗಿದ್ದರೆ ಬೇಗನೆ ನಿಲ್ಲಬೇಕು. ಇಂಧನ ಸುರಿಯುವ ಕೆಲಸ ದೊಡ್ಡವರದೆಂದು ಅಳಿಯಂದಿರಿಗೆ ವಹಿಸಿದೆನು. ಹೊತ್ತು ನೋಡುವುದೂ ಅವರಿಗೇ. ಲಾರಿ ಹೊರಟಿತು, ನಿಲ್ಲಲಿಲ್ಲ. ಬಿಸಿಯಾಗಿದ್ದ ಎಂಜಿನ್ನೇ ಹೊಗೆಯೆಳೆಯನ್ನು ಬಿಡುತ್ತ ಟ್ಯಾಂಕ್ ಅರ್ಧವಾಗುವವರೆಗೆ ಓಡಿತು. ಎರಡನೆಯ ಪರೀಕ್ಷೆ: ಮುಕ್ಕಾಲು ಗಂಟೆ ಬಿಟ್ಟು, ಮುಟ್ಟಿದರೆ ತಣ್ಣಗಿರುವ ಎಂಜಿನ್ನನ್ನು ಅರ್ಧಕ್ಕಿಂತ ಕಡಿಮೆ ಟ್ಯಾಂಕಿನಿಂದಲೇ ಓಡಿಸುವುದು. ಒಂದೂವರೆ ನಿಮಿಷಕ್ಕೆ ಹೊಗೆ ಮಾಯವಾಯಿತು, ಎರಡು ನಿಮಿಷದೊಳಗೆ ನಿಂತಿತು. ಎರಡನ್ನೂ ಇನ್ನೊಮ್ಮೆ ಮಾಡಿದೆವು, ಅದೇ ಫಲ. “ಹಾಗಾದರೆ ಬಿಸಿಯಿಂದ ನಿಲ್ಲುತ್ತಿಲ್ಲ ಅಪ್ಪಾ, ನಿಲ್ಲಿಸುವುದೇ ಬಿಸಿಯನ್ನೂ ಮಾಡುತ್ತಿದೆ” ಎಂದನು ಹುಡುಗ. ಇಪ್ಪತ್ತು ದಿನದ ಮೇಲೆ ಅವನು ತಂದೆಯೊಡನೆ ಆಡಿದ ಮೊದಲ ಮಾತು ಅದು. ನಾನು ಕೇಳಿಸಿಕೊಳ್ಳದವನಂತೆ ಪ್ಲಗ್ ಒರೆಸುತ್ತಿದ್ದೆ.

ಟ್ಯಾಂಕ್ ಇಳಿದಂತೆ ಇಂಧನ ಸಾಲದಾಗುವುದೇಕೆ? ಈ ಗಾಡಿಯಲ್ಲಿ ಇಂಧನದ ಪಂಪು ಇಲ್ಲ. ಸೈಲೆನ್ಸರಿನಿಂದ ಒಂದು ಕೊಳವೆ ಟ್ಯಾಂಕಿಗೆ ಬರುತ್ತದೆ. ಹೊರಹೋಗುವ ಹೊಗೆಯ ಒತ್ತಡದ ಒಂದಂಶ ಟ್ಯಾಂಕಿನೊಳಗೆ ಹೊಕ್ಕು ಇಂಧನವನ್ನು ಕಾರ್ಬುರೇಟರಿಗೆ ತಳ್ಳುತ್ತದೆ. ಟ್ಯಾಂಕ್ ತುಂಬಿರುವಾಗ ಇಂಧನದ ಮಟ್ಟವೇ ಎತ್ತರದಲ್ಲಿರುವುದರಿಂದ ಒತ್ತಡ ಸ್ವಲ್ಪ ಸೋರಿದರೂ ನಡೆದೀತು. ಮಟ್ಟ ಇಳಿದಾಗ ಆ ಒತ್ತಡವೇ ಗತಿ. ಅದು ಎಲ್ಲಿಯೋ ಸೋರುತ್ತಿರಬೇಕು.

ಮನೆಗೆ ಬಂದು ಟ್ಯಾಂಕನ್ನು ಬಿಚ್ಚಿ, ಖಾಲಿ ಮಾಡಿ, ಆರಿಸಿ, ಇಂಧನ ಹೊರಹೋಗುವ ತೂತನ್ನು ಮುಚ್ಚಿದೆವು. ಒತ್ತಡದ ಕೊಳವೆಗೆ ಔಷಧದ ಅಂಗಡಿಯಿಂದ ತಂದ ಸೂಜಿಯಿಲ್ಲದ ದೊಡ್ಡ ಸಿರಿಂಜನ್ನು ಸಿಕ್ಕಿಸಿ, ಟ್ಯಾಂಕನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗಾಳಿ ಒತ್ತಿದೆವು. ಹುಡುಗರು ಬಾಯಿಂದ ಊದಿ ನೋಡುತ್ತಾರೆಂದು ಕೇಳಿದ್ದೇನೆ. ಮೆಥನಾಲ್ ತಾಗಿದ ಕೊಳವೆಯನ್ನು ಎಂದಿಗೂ ಬಾಯಿಗಿಡಬಾರದು. ಮುಚ್ಚಳದ ಒಂದು ಮಗ್ಗುಲಿನಿಂದ ಸಾಬೂದಾಣಿಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಉಬ್ಬಿ, ಮೆತ್ತಗಾಗಿ, ತನ್ನ ಗಾಡಿಯಿಂದ ಅರ್ಧ ಹೊರಬಂದಿತ್ತು. ಮೆಥನಾಲನ್ನು ತಡೆಯುವ ಸಿಲಿಕೋನ್ ರಬ್ಬರು ಪೆಟ್ರೋಲನ್ನು ತಡೆಯುವುದಿಲ್ಲ, ಹೀರಿಕೊಂಡು ಊದುತ್ತದೆ. ತೊಳೆದು ಉಪಕಾರ ಮಾಡಿದ ಪೆಟ್ರೋಲಿನ ಫಲ ಇದು. ಹಾಗಾದರೆ ಪೆಟ್ರೋಲಿಗೆ ಮುಂಚೆ ನಿಲ್ಲುತ್ತಿದ್ದುದೇಕೆ? ಅದು ಬೇರೆ ರೋಗ. ಹೊಸ ಎಂಜಿನ್ ಮೊದಲ ಕೆಲವು ಟ್ಯಾಂಕುಗಳನ್ನು ಹೆಚ್ಚು ಇಂಧನದಲ್ಲಿ, ಮೆಲ್ಲಗೆ ಓಡಿ ಪಳಗಬೇಕು. ಆ ದಿನಗಳಲ್ಲಿ ಅದು ಆಗಾಗ ನಿಲ್ಲುವುದು ಸಹಜ. ಸಹಜವಾದುದನ್ನು ರೋಗವೆಂದು ತಿಳಿದು ಔಷಧಿ ಮಾಡಹೋಗಿ ನಿಜವಾದ ರೋಗವನ್ನು ತರಿಸಿಕೊಂಡುದಾಯಿತು. ಇಂಥದು ಎಂಜಿನ್ನುಗಳಿಗೆ ಮಾತ್ರ ಆಗುವುದಲ್ಲವೆಂದು ಹಿರಿಯ ಓದುಗರು ಬಲ್ಲರು.

ಉಂಗುರವನ್ನು ಹುಡುಕಲು ತಂದೆ ಮಗ ಇಬ್ಬರೂ ಜೆ.ಸಿ. ರಸ್ತೆಗೂ ಎಸ್.ಪಿ. ರಸ್ತೆಗೂ ಅರ್ಧ ದಿನ ಅಲೆದು ಬಂದರು. ಹೊಂದುವ ಅಳತೆಯ ಉಂಗುರಕ್ಕೆ ಕೊಟ್ಟ ಹಣಕ್ಕಿಂತ ಮಧ್ಯಾಹ್ನ ತಿಂದ ದೋಸೆಗೆ ಕೊಟ್ಟದ್ದು ಹೆಚ್ಚು. ಎಸ್.ಪಿ. ರಸ್ತೆಯಲ್ಲಿ ದೂರದಿಂದಲೇ ಶಾಖ ಅಳೆಯುವ ಮಾಪಕವನ್ನೂ ಕೊಂಡರು. ಉಂಗುರ ಹಾಕಿ ಮತ್ತೆ ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಬರಲಿಲ್ಲ. ಕೊಳವೆಗಳನ್ನೂ ಬದಲಾಯಿಸೋಣವೆಂದು ಹುಡುಗ ಆತುರಪಟ್ಟನು. ಇದೊಂದೇ ಬದಲಾಗಿರುವಾಗ ಓಡಿಸಿ ನೋಡಿದ ಮೇಲೆ ಎಂದೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣ ಯಾವುದರಿಂದಾಯಿತೆಂದು ಮುಂದಿನ ಸಲ ಯಾರು ಹೇಳಬೇಕು?

ಮುಂದಿನ ಬೆಳಿಗ್ಗೆ ಅದೇ ಬಯಲಿನಲ್ಲಿ ಟ್ಯಾಂಕ್ ತಳ ಕಾಣುವವರೆಗೆ ಲಾರಿ ಓಡಿತು. ಹದ ಮಾತ್ರ ಇನ್ನೂ ಕೂಡಿರಲಿಲ್ಲ. ಹೊಗೆ ಹೆಚ್ಚು, ವೇಗ ಮಂದ. ಕೈಪಿಡಿಯ ಲೆಕ್ಕವು ಪಳಗಿಸುವ ಕಾಲದ್ದು, ಮೇಲಾಗಿ ನಮ್ಮ ಊರಿನ ಗಾಳಿ ತೆಳು. ವೇಗದ ಸೂಜಿಯನ್ನು ಒಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಭಾಗ ಮಾತ್ರ ಮುಚ್ಚುವುದು, ಎರಡು ಸುತ್ತು ಓಡಿಸುವುದು, ಶಾಖ ನೋಡುವುದು, ಬರೆಯುವುದು. ಹೀಗೆ ಮೂರು ಸಲದಲ್ಲಿ ಹದ ಬಂತು. ಎಂಜಿನ್ನಿನ ತಲೆಯ ಶಾಖ ೧೦೦ರಿಂದ ೧೨೦ ಡಿಗ್ರಿ ಸೆಲ್ಸಿಯಸ್ಸಿನ ನಡುವೆ ನಿಂತರೆ ಕ್ಷೇಮ. ೧೩೦ ದಾಟಿದರೆ ಕೂಡಲೇ ನಿಲ್ಲಿಸಿ ಇಂಧನ ಹೆಚ್ಚಿಸಬೇಕು. ಮಾಪಕವಿಲ್ಲದವರು ಒಂದು ಹನಿ ನೀರನ್ನು ತಲೆಯ ಮೇಲೆ ಬಿಡಬಹುದು. ಮೂರು ನಾಲ್ಕು ಎಣಿಸುವಷ್ಟರಲ್ಲಿ ಚುಂಯ್ಗುಟ್ಟಿ ಆರಿದರೆ ಸರಿ, ಬಿದ್ದ ಕ್ಷಣವೇ ಹಾರಿಹೋದರೆ ಅತಿಯಾಗಿ ಕಾದಿದೆ. ದೋಸೆ ಹೆಂಚಿಗೆ ನೀರು ಚಿಮುಕಿಸಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಧಾನದ ಸೂಜಿಗೆ ಇನ್ನೊಂದು ಪರೀಕ್ಷೆಯಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಇಂಧನದ ಕೊಳವೆಯನ್ನು ಬೆರಳಿನಿಂದ ಹಿಸುಕಿ ಹಿಡಿದರೆ, ಎರಡು ಮೂರು ಸೆಕೆಂಡಿನಲ್ಲಿ ಸ್ವಲ್ಪ ವೇಗವೇರಿ ನಿಲ್ಲಬೇಕು. ಹಿಸುಕಿದೊಡನೆ ನಿಂತರೆ ಇಂಧನ ಕಡಿಮೆ, ಬಹಳ ಹೊತ್ತು ಎಳೆದಾಡಿದರೆ ಹೆಚ್ಚು. ಈ ಪರೀಕ್ಷೆಯನ್ನು ಹುಡುಗನೇ ಮಾಡಿದನು, ತಂದೆ ಎಣಿಸಿದರು.

ಅಲ್ಲಿಯ ಕೆಂಪು ಧೂಳಿನ ಬಗ್ಗೆ ಒಂದು ಮಾತು. ಗಾಳಿ ಸೋಸುವ ಸ್ಪಂಜನ್ನು ಪ್ರತಿ ಸಲ ಬಿಚ್ಚಿ ತೊಳೆದು ಎಣ್ಣೆ ಸವರಿ ಹಾಕದಿದ್ದರೆ ಇಷ್ಟು ಸಣ್ಣ ಸಿಲಿಂಡರಿನಲ್ಲಿ ಆ ಧೂಳು ಅರದಂತೆ ಕೆಲಸ ಮಾಡುತ್ತದೆ. ಮೆಥನಾಲ್ ಗಾಳಿಯ ತೇವವನ್ನು ಹೀರುವ ಗುಣದ್ದಾದುದರಿಂದ ಆಟ ಮುಗಿದ ಮೇಲೆ ಟ್ಯಾಂಕಿನಲ್ಲಿ ಏನನ್ನೂ ಉಳಿಸಬಾರದು. ಪೂರ್ತಿ ಬರಿದು ಮಾಡಿ, ಪ್ಲಗ್ ತೆಗೆದು ಎರಡು ಹನಿ ಎಣ್ಣೆ ಬಿಟ್ಟು, ಹಗ್ಗವನ್ನು ನಾಲ್ಕು ಸಲ ಎಳೆದಿಡಬೇಕು. ನಮ್ಮ ಮಳೆಗಾಲದಲ್ಲಿ ಇದನ್ನು ಮಾಡದ ಎಂಜಿನ್ನಿನ ಬೇರಿಂಗು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಇಂಧನದ ಡಬ್ಬಿಯ ಮುಚ್ಚಳವೂ ಅಷ್ಟೇ, ತೆರೆದಿಟ್ಟ ಇಂಧನ ನೀರು ಕುಡಿದು ಮುಂದಿನ ವಾರದ ತೊಂದರೆಗೆ ಬೀಜವಾಗುತ್ತದೆ.

ಲಾರಿಯನ್ನು ಮಾರುವ ಮಾತನ್ನು ಅಳಿಯಂದಿರು ಮತ್ತೆ ಎತ್ತಲಿಲ್ಲ. ಹಾಗೆಂದು ಹುಡುಗನ ಗಣಿತ ಒಮ್ಮೆಲೇ ಉದ್ಧಾರವಾಯಿತೆಂದು ನಾನು ಬರೆಯಲಾರೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಹಿಂದಿನಂತೆಯೇ ಇವೆ. ಆದರೆ ಉತ್ತರ ತಪ್ಪಿದಾಗ ಮೇಲಿನ ಸಾಲುಗಳನ್ನು ಹೊಡೆದುಹಾಕುವುದನ್ನು ಬಿಟ್ಟಿದ್ದಾನೆಂದು ಮಗಳು ಹೇಳುತ್ತಾಳೆ. ನೋಟುಪುಸ್ತಕ ನಡೆಯುತ್ತಿದೆ. ಕಳೆದ ಭಾನುವಾರ ಲಾರಿ ಬ್ರೇಕ್ ಹಾಕಿದಾಗ ಎರಡು ಸಲ ನಿಂತಿತಂತೆ. “ಚಕ್ರ ಎತ್ತಿ ನೋಡಿದೆ ತಾತ, ತಿರುಗುತ್ತಿದೆ. ಕ್ಲಚ್ಚಿನ ಸ್ಪ್ರಿಂಗ್ ಇರಬೇಕು, ಆದರೆ ಇನ್ನೂ ಬಿಚ್ಚಿಲ್ಲ” ಎಂದು ದೂರವಾಣಿಯಲ್ಲಿ ಹೇಳಿದನು. ಕಬ್ಬಿಣದ ಪೆಟ್ಟಿಗೆಯ ಬೀಗದಕೈ ಅವನ ತಾಯಿಯ ಸೆರಗಿನಲ್ಲಿದೆ.